ಕಡಿಮೆ ಖರ್ಚಿನಲ್ಲಿ ಯೂನಿವರ್ಸಲ್ ರಿಮೋಟ್ ಆರಿಸುವುದು ಹೇಗೆ: ಮೈಸೂರು, ಮಂಡ್ಯದ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರದಲ್ಲಾಗಲಿ ಮಂಡ್ಯದ ಸುಭಾಷ್ ನಗರದಲ್ಲಾಗಲಿ, ಇಂದು ಸಾಧಾರಣ ಮಧ್ಯಮವರ್ಗದ ಮನೆಯೊಂದರ ಹಾಲಿನಲ್ಲಿ ಮೂರು ಉಪಕರಣಗಳಾದರೂ ಇರುತ್ತವೆ: ಗೋಡೆಯ ಮೇಲಿನ ಎಲ್‌ಇಡಿ ಟಿವಿ, ಡಿಟಿಎಚ್ ಅಥವಾ ಕೇಬಲ್‌ನ ಸೆಟ್‌ಟಾಪ್ ಬಾಕ್ಸ್, ಅದರ ಪಕ್ಕದಲ್ಲಿ ಸೌಂಡ್‌ಬಾರ್ ಇಲ್ಲವೇ 4.1 ಹೋಮ್ ಥಿಯೇಟರ್. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಟಿವಿಯ ಹಿಂದೆ ಇಂಟರ್ನೆಟ್ ವಿಡಿಯೊ ತೋರಿಸುವ, ಫೈರ್ ಟಿವಿಯಂಥ ಒಂದು ಸ್ಟಿಕ್ ಕೂಡ ಸೇರಿಕೊಂಡಿರುತ್ತದೆ. ಒಂದೊಂದಕ್ಕೂ ಒಂದೊಂದು ರಿಮೋಟ್. ಧಾರಾವಾಹಿ ನೋಡಲು ಕೂತ ಅಜ್ಜಿ ಟಿವಿ ರಿಮೋಟ್‌ನಲ್ಲಿ ಚಾನೆಲ್ ನಂಬರ್ ಒತ್ತಿ, ಪರದೆ ನೀಲಿಯಾಗಿ, ಮೊಮ್ಮಗನನ್ನು ಕೂಗುವ ಪರಿಸ್ಥಿತಿ ಹಲವು ಮನೆಗಳದ್ದು. ಇದಕ್ಕೆ ಪರಿಹಾರವೆಂದು, ಹಲವು ಉಪಕರಣಗಳನ್ನು ಒಂದೇ ಆಗಿ ನಡೆಸುವ ಯೂನಿವರ್ಸಲ್ ರಿಮೋಟ್ ತರಲು ಹೊರಟವರು ಸಾಮಾನ್ಯವಾಗಿ ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ; ಅದು ಟಿವಿಯನ್ನು ಆನ್ ಮಾಡುತ್ತದೆ, ಹೋಮ್ ಥಿಯೇಟರನ್ನು ಮುಟ್ಟುವುದೇ ಇಲ್ಲ, ಕೊನೆಗೆ ಟೀಪಾಯಿಯ ಮೇಲಿನ ರಿಮೋಟ್‌ಗಳ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ. ಯಾವ ಜಾತಿಯ ರಿಮೋಟ್ ಬೇಕೆಂಬ ತೀರ್ಮಾನ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಆಗಬೇಕು. ಅದಕ್ಕೆ ಅರ್ಧ ಗಂಟೆ ಬಿಡುವು, ಒಂದು ಮೊಬೈಲ್ ಫೋನ್ ಮತ್ತು ಒಂದು ಹಾಳೆ ಕಾಗದ ಸಾಕು.

ಮೊದಲ ಹೆಜ್ಜೆ: ಇರುವ ರಿಮೋಟ್ ಕೆಟ್ಟಿದೆಯೇ ಎಂದು ನೋಡಿ

ಹಳೆಯ ರಿಮೋಟ್ ಕೆಲಸ ಮಾಡುತ್ತಿಲ್ಲವೆಂಬ ಕಾರಣಕ್ಕೆ ಹೊಸದು ಕೊಳ್ಳಲು ಹೊರಟಿದ್ದರೆ ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಫೋನಿನ ಕ್ಯಾಮೆರಾ ತೆರೆದು, ರಿಮೋಟ್‌ನ ತುದಿಯಲ್ಲಿರುವ ಸಣ್ಣ ಬಲ್ಬನ್ನು ಕ್ಯಾಮೆರಾದ ಕಡೆಗೆ ಹಿಡಿದು ಯಾವುದಾದರೂ ಬಟನ್ ಒತ್ತಿ. ರಿಮೋಟ್‌ನಿಂದ ಹೊರಡುವುದು ಅವಕೆಂಪು (ಇನ್‌ಫ್ರಾರೆಡ್, ಚುಟುಕಾಗಿ ಐಆರ್) ಬೆಳಕು. ಅದರ ತರಂಗಾಂತರ ಸಾಮಾನ್ಯವಾಗಿ 940 ನ್ಯಾನೋಮೀಟರ್ ಆಸುಪಾಸಿನಲ್ಲಿರುವುದರಿಂದ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾದ ಸೆನ್ಸರಿಗೆ ಕಾಣುತ್ತದೆ. ಫೋನಿನ ಪರದೆಯ ಮೇಲೆ ನೇರಳೆ ಅಥವಾ ಬಿಳಿ ಮಿಣುಕು ಕಂಡರೆ ರಿಮೋಟ್ ಜೀವಂತವಾಗಿದೆ ಎಂದರ್ಥ. ಹಲವು ಫೋನ್‌ಗಳ ಹಿಂಬದಿಯ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಗಾಜು ಇರುತ್ತದೆ. ಆದ್ದರಿಂದ ಸೆಲ್ಫಿ ಕ್ಯಾಮೆರಾದಲ್ಲಿಯೂ ನೋಡಿಯೇ ತೀರ್ಮಾನಿಸಬೇಕು.

ಮಿಣುಕು ಇಲ್ಲದಿದ್ದರೆ ಮೊದಲು ಸೆಲ್ ಬದಲಾಯಿಸಿ, ಸ್ಪ್ರಿಂಗ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಕೆರೆದು ತೆಗೆಯಿರಿ. ಉಳಿದೆಲ್ಲ ಬಟನ್‌ಗಳೂ ಕೆಲಸ ಮಾಡುತ್ತಿದ್ದು ವಾಲ್ಯೂಮ್ ಮತ್ತು ಪವರ್ ಮಾತ್ರ ಸತ್ತಿದ್ದರೆ ದೋಷ ಇರುವುದು ಒಳಗಿನ ರಬ್ಬರ್ ಹಾಳೆಯಲ್ಲಿ. ಪ್ರತಿ ಬಟನ್‌ನ ಅಡಿಯಲ್ಲಿ ಒಂದು ಕಪ್ಪು ಕಾರ್ಬನ್ ಚುಕ್ಕೆ ಇರುತ್ತದೆ, ಹೆಚ್ಚು ಒತ್ತುವ ಬಟನ್‌ಗಳಲ್ಲಿ ಅದು ಸವೆಯುತ್ತದೆ ಅಥವಾ ಕೈಯ ಎಣ್ಣೆಜಿಡ್ಡು ಅದರ ಮೇಲೆ ಕೂರುತ್ತದೆ. ರಿಮೋಟ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಬೋರ್ಡನ್ನೂ ರಬ್ಬರನ್ನೂ ಒರೆಸಿದರೆ ಜಿಡ್ಡಿನ ದೋಷ ಹೋಗುತ್ತದೆ. ಸವೆದ ಕಾರ್ಬನ್ ಮಾತ್ರ ಹಿಂದಿರುಗುವುದಿಲ್ಲ. ಇನ್ನು ರಿಮೋಟ್ ಚೆನ್ನಾಗಿ ಮಿಣುಕುತ್ತಿದ್ದರೂ ಟಿವಿ ಕೇಳುತ್ತಿಲ್ಲವಾದರೆ ಟಿವಿಯ ಮುಂಭಾಗದ ಐಆರ್ ಕಣ್ಣು ಕೆಟ್ಟಿರಬಹುದು. ಆಗ ಎಷ್ಟು ದುಬಾರಿ ರಿಮೋಟ್ ತಂದರೂ ಪ್ರಯೋಜನವಿಲ್ಲ. ಹೋಗಬೇಕಾದದ್ದು ರಿಪೇರಿಯವರ ಬಳಿಗೆ.

ಎರಡನೆಯ ಹೆಜ್ಜೆ: ಯಾವ ಉಪಕರಣ ಯಾವ ದಾರಿಯಲ್ಲಿ ಕೇಳುತ್ತದೆ

ಇಡೀ ಆಯ್ಕೆ ನಿಂತಿರುವುದು ಈ ಹೆಜ್ಜೆಯ ಮೇಲೆ. ಒಂದು ಕಾಗದದಲ್ಲಿ ನಿಮ್ಮ ಪ್ರತಿ ಉಪಕರಣದ ಹೆಸರು, ಹಿಂಬದಿಯ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆ, ಮತ್ತು ಅದರ ರಿಮೋಟ್ ಅವಕೆಂಪು ಬೆಳಕಿನಿಂದ ನಡೆಯುತ್ತದೆಯೋ ಬ್ಲೂಟೂತ್ ರೇಡಿಯೋದಿಂದ ನಡೆಯುತ್ತದೆಯೋ ಎಂಬುದನ್ನು ಬರೆದುಕೊಳ್ಳಿ. ಮಾರುಕಟ್ಟೆಯ ಅಗ್ಗದ ಯೂನಿವರ್ಸಲ್ ರಿಮೋಟ್‌ಗಳು, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಬಹುಪಾಲು ಅವಕೆಂಪಿನವು. ಬ್ಲೂಟೂತ್ ಉಪಕರಣ ಅವುಗಳ ಮಾತನ್ನು ಕೇಳುವುದೇ ಇಲ್ಲ.

ಗುರುತಿಸುವ ವಿಧಾನ ಸುಲಭ. ರಿಮೋಟ್‌ನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಅಥವಾ ಅದಕ್ಕೆ ಎರಡು ಸುತ್ತು ಅಲ್ಯೂಮಿನಿಯಂ ಹಾಳೆ ಸುತ್ತಿ ಬಟನ್ ಒತ್ತಿ. ಆಗಲೂ ಉಪಕರಣ ಕೇಳಿದರೆ ಅದು ರೇಡಿಯೋ. ಬರೀ ರಿಮೋಟನ್ನು ಗೋಡೆಯ ಕಡೆಗೆ ತಿರುಗಿಸಿ ಪರೀಕ್ಷಿಸಿದರೆ ಮೋಸ ಹೋಗುವ ಸಾಧ್ಯತೆಯಿದೆ, ಏಕೆಂದರೆ ಅವಕೆಂಪು ಬೆಳಕು ಸುಣ್ಣ ಬಳಿದ ಗೋಡೆಗೆ ಬಡಿದು ಹಿಂದಿರುಗುತ್ತದೆ. ಕೆಲವು ರಿಮೋಟ್‌ಗಳು ಎರಡನ್ನೂ ಬಳಸುತ್ತವೆ, ಆದ್ದರಿಂದ ಒಂದು ಬಟನ್ ನೋಡಿ ನಿಲ್ಲಿಸದೆ ಪವರ್, ವಾಲ್ಯೂಮ್, ಬಾಣದ ಗುರುತುಗಳು, ಹೋಮ್, ಇವಿಷ್ಟನ್ನಾದರೂ ಬೇರೆಬೇರೆಯಾಗಿ ನೋಡಬೇಕು. ಫೈರ್ ಟಿವಿ ಸ್ಟಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ರಿಮೋಟ್ ಟಿವಿಯ ಪವರ್ ಮತ್ತು ವಾಲ್ಯೂಮಿಗೆ ಅವಕೆಂಪು ಬೆಳಕನ್ನು ಕಳಿಸುತ್ತದೆ, ಸ್ಟಿಕ್ ಜೊತೆ ಮಾತ್ರ ಬ್ಲೂಟೂತ್‌ನಲ್ಲಿ ವ್ಯವಹರಿಸುತ್ತದೆ. ಸ್ಟಿಕ್‌ನಲ್ಲಿ ಐಆರ್ ಕಣ್ಣೇ ಇಲ್ಲ. ಹಾಗಾಗಿ 300 ರೂಪಾಯಿಯ ರಿಮೋಟ್ ಅದನ್ನು ನೇರವಾಗಿ ನಡೆಸಲಾರದು. ಪ್ಲೇಸ್ಟೇಷನ್ 4 ಮತ್ತು 5 ಎಂಬ ವಿಡಿಯೊ ಗೇಮ್ ಯಂತ್ರಗಳೂ ಹೀಗೆಯೇ.

ಸ್ಮಾರ್ಟ್ ಟಿವಿಗಳ ವಿಷಯದಲ್ಲಿ ಸ್ವಲ್ಪ ನಿರಾಳ. ಅವುಗಳ ಮೂಲ ರಿಮೋಟ್ ಬ್ಲೂಟೂತ್ ಆಗಿದ್ದರೂ ಹಲವು ಟಿವಿಗಳಲ್ಲಿ ಐಆರ್ ಕಣ್ಣು ಉಳಿದೇ ಇರುತ್ತದೆ. ಎಲ್‌ಜಿಯ ಮ್ಯಾಜಿಕ್ ರಿಮೋಟ್ ಬರುವ ಟಿವಿ ಕೂಡ ಸಾದಾ ಐಆರ್ ರಿಮೋಟನ್ನು ಕೇಳುತ್ತದೆ. ಕಳೆದುಕೊಳ್ಳುವುದು ಎರಡನ್ನು: ಮಾತನಾಡಿ ಹುಡುಕುವ ಸೌಲಭ್ಯ ಮತ್ತು ಪರದೆಯ ಮೇಲೆ ಓಡಾಡುವ ಪಾಯಿಂಟರ್. ಬದಲಿ ರಿಮೋಟ್‌ಗಳ ಮೇಲೆ ಮೈಕ್ ಚಿತ್ರವಿರುವ ಬಟನ್ ಇದ್ದರೂ, ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಧ್ವನಿ ಸೌಲಭ್ಯವಿಲ್ಲವೆಂದು ಬರೆದಿರುತ್ತಾರೆ. ಅದನ್ನು ಓದದೆ ಹಣ ಕೊಡಬೇಡಿ.

ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಸಾದಾ ಡಿಟಿಎಚ್ ಮತ್ತು ಕೇಬಲ್ ಬಾಕ್ಸ್ ಹೆಚ್ಚಾಗಿ ಅವಕೆಂಪಿನವು. ಆಂಡ್ರಾಯ್ಡ್ ಇರುವ ಹೊಸ ಬಾಕ್ಸ್‌ಗಳಲ್ಲಿ ಬ್ಲೂಟೂತ್ ಸೇರಿರುತ್ತದೆ. 4.1, 5.1 ಹೋಮ್ ಥಿಯೇಟರ್‌ಗಳ ಜೊತೆ ಬರುವ, ಬಿಸ್ಕತ್ತಿನಷ್ಟು ತೆಳ್ಳಗಿನ, ಸಿಆರ್2025 ಗುಂಡುಸೆಲ್ ಹಾಕುವ ರಿಮೋಟ್ ಅವಕೆಂಪಿನದು. ಮನೆಯಲ್ಲಿ ಮೊದಲು ಕಳೆದುಹೋಗುವುದೂ ಅದೇ. ಆದ್ದರಿಂದ ಅದು ಇನ್ನೂ ಕೈಯಲ್ಲಿರುವಾಗಲೇ ಅದರ ಆಜ್ಞೆಗಳನ್ನು ಇನ್ನೊಂದು ರಿಮೋಟ್‌ಗೆ ಕಲಿಸುವ, ಮುಂದೆ ಹೇಳಲಿರುವ ಕೆಲಸವನ್ನು ಮುಗಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಕೊಳ್ಳದೆಯೇ ಕೆಲಸವಾಗುತ್ತದೆಯೇ ನೋಡಿ

ಟಿವಿಗೆ ಎಚ್‌ಡಿಎಂಐ ಕೇಬಲ್ ಮೂಲಕ ಜೋಡಿಸಿದ ಉಪಕರಣಗಳು ಆ ಕೇಬಲ್‌ನಲ್ಲಿಯೇ ಪರಸ್ಪರ ಆಜ್ಞೆ ಕಳಿಸಬಲ್ಲವು. ಈ ವ್ಯವಸ್ಥೆಯ ಹೆಸರು ಸಿಇಸಿ. ಆದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಆ ಹೆಸರು ಸಿಗದಿರಬಹುದು, ಏಕೆಂದರೆ ಕಂಪನಿಗಳು ತಮ್ಮತಮ್ಮ ಹೆಸರಿಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಪ್ಯಾನಸೋನಿಕ್‌ನಲ್ಲಿ ವಿಯೆರಾ ಲಿಂಕ್. ಇದನ್ನು ಟಿವಿಯಲ್ಲಿಯೂ ಜೋಡಿಸಿದ ಉಪಕರಣದಲ್ಲಿಯೂ ಆನ್ ಮಾಡಿದರೆ ಟಿವಿ ರಿಮೋಟ್‌ನ ಬಾಣದ ಬಟನ್‌ಗಳಿಂದಲೇ ಫೈರ್ ಟಿವಿ ಸ್ಟಿಕ್‌ನ ಮೆನುವಿನಲ್ಲಿ ಓಡಾಡಬಹುದು, ಸ್ಟಿಕ್ ಆನ್ ಮಾಡಿದೊಡನೆ ಟಿವಿ ತಾನಾಗಿ ಎಚ್ಚರಗೊಂಡು ಸರಿಯಾದ ಇನ್‌ಪುಟ್‌ಗೆ ಬರುತ್ತದೆ. ಐಆರ್ ಕಣ್ಣಿಲ್ಲದ ಸ್ಟಿಕ್‌ಗೆ ಅಗ್ಗದ ರಿಮೋಟ್ ಮುಟ್ಟುವುದಿಲ್ಲವೆಂಬ ತೊಡಕಿಗೂ ಇದೇ ದಾರಿ: ಯೂನಿವರ್ಸಲ್ ರಿಮೋಟ್ ಟಿವಿಗೆ ಹೇಳುತ್ತದೆ, ಟಿವಿ ಕೇಬಲ್ ಮೂಲಕ ಸ್ಟಿಕ್‌ಗೆ ಹೇಳುತ್ತದೆ.

ಸೌಂಡ್‌ಬಾರ್ ಇದ್ದವರು ಅದನ್ನು ಟಿವಿಯ ಯಾವ ರಂಧ್ರಕ್ಕೆ ಜೋಡಿಸಿದ್ದಾರೆಂಬುದನ್ನು ನೋಡಿಕೊಳ್ಳಬೇಕು. ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ರಂಧ್ರದಲ್ಲಿದ್ದರೆ, 2009ರ ಎಚ್‌ಡಿಎಂಐ 1.4ರಿಂದ ಬಂದ ಈ ವ್ಯವಸ್ಥೆಯಲ್ಲಿ ಟಿವಿಯ ಶಬ್ದ ಅದೇ ಕೇಬಲ್‌ನಲ್ಲಿ ಸೌಂಡ್‌ಬಾರಿಗೆ ಹಿಂದಿರುಗುತ್ತದೆ ಮತ್ತು ಸಿಇಸಿಯ ನೆರವಿನಿಂದ ಟಿವಿ ರಿಮೋಟ್‌ನ ವಾಲ್ಯೂಮ್ ಬಟನ್ ಸೌಂಡ್‌ಬಾರಿನದೇ ಆಗಿಬಿಡುತ್ತದೆ. ಆಪ್ಟಿಕಲ್ ತಂತಿಯಲ್ಲಿ ಅಥವಾ ಕೆಂಪು-ಬಿಳಿ ಪಿನ್‌ನಲ್ಲಿ ಜೋಡಿಸಿದ್ದರೆ ಶಬ್ದ ಮಾತ್ರ ಹೋಗುತ್ತದೆ, ಆಜ್ಞೆ ಹೋಗುವುದಿಲ್ಲ. ಒಂದು ಎಚ್‌ಡಿಎಂಐ ಕೇಬಲ್ ಬದಲಾವಣೆಯಿಂದ ರಿಮೋಟ್ ಕೊಳ್ಳುವ ಅಗತ್ಯವೇ ತಪ್ಪಿಹೋಗುವ ಮನೆಗಳು ಕಡಿಮೆಯೇನಲ್ಲ.

ಎರಡನೆಯ ಉಚಿತ ದಾರಿ ಹಲವರ ಕೈಯಲ್ಲಿಯೇ ಇದ್ದು ಗಮನಕ್ಕೆ ಬರದದ್ದು. ಹಲವು ಡಿಟಿಎಚ್ ಮತ್ತು ಕೇಬಲ್ ರಿಮೋಟ್‌ಗಳ ಮೇಲ್ಭಾಗದಲ್ಲಿಯೋ ಕೆಳಭಾಗದಲ್ಲಿಯೋ ಬೇರೆ ಬಣ್ಣದ ಚೌಕಟ್ಟಿನೊಳಗೆ ಟಿವಿ ಪವರ್, ವಾಲ್ಯೂಮ್ ಹೆಚ್ಚು-ಕಡಿಮೆ, ಇನ್‌ಪುಟ್ ಎಂಬ ನಾಲ್ಕು-ಐದು ಬಟನ್‌ಗಳಿರುತ್ತವೆ. ಇವು ಕಲಿಯುವ ಬಟನ್‌ಗಳು, ಅಂದರೆ ಬೇರೆ ರಿಮೋಟ್‌ನ ಮಿಣುಕನ್ನು ಓದಿಕೊಂಡು ಅದನ್ನೇ ತಿರುಗಿ ಕಳಿಸುವಂಥವು. ಟಿವಿಯ ಆಜ್ಞೆಗಳನ್ನು ಇವಕ್ಕೆ ಒಮ್ಮೆ ಕಲಿಸಿದರೆ ಟಿವಿ ರಿಮೋಟನ್ನು ಕಪಾಟಿನಲ್ಲಿ ಇಡಬಹುದು. ಟಿವಿ ಪವರ್ ಮಾತ್ರ ಇಲ್ಲಿ ಕಲಿಸಿ, ವಾಲ್ಯೂಮಿನ ಜಾಗಕ್ಕೆ ಹೋಮ್ ಥಿಯೇಟರಿನ ವಾಲ್ಯೂಮನ್ನು ಕಲಿಸಿದರೆ ಮೂರು ಉಪಕರಣ ಒಂದೇ ರಿಮೋಟ್‌ಗೆ ಬರುತ್ತವೆ. ಟಿವಿ, ಬಾಕ್ಸ್, ಹೋಮ್ ಥಿಯೇಟರ್ ಇವಷ್ಟೇ ಇರುವ ಮನೆಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಗ್ಗಿದ ಪರಿಹಾರ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಿರಿಯರಿಗೆ ಕೈಗೆ ಒಗ್ಗಿದ ರಿಮೋಟೇ ಉಳಿಯುತ್ತದೆ.

ಮೊಬೈಲ್ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಶಿಯೋಮಿಯ ಹಲವು ರೆಡ್‌ಮಿ ಫೋನ್‌ಗಳ ನೆತ್ತಿಯಲ್ಲಿ ಐಆರ್ ಬಲ್ಬ್ ಇದೆ, ಅದರ ಜೊತೆಗಿನ ಮಿ ರಿಮೋಟ್ ಆ್ಯಪ್ ಟಿವಿಯನ್ನೂ ಎಸಿಯನ್ನೂ ನಡೆಸಬಲ್ಲದು. ವೈಫೈಯಲ್ಲಿರುವ ಆಂಡ್ರಾಯ್ಡ್ ಟಿವಿಗೆ ಗೂಗಲ್ ಟಿವಿ ಆ್ಯಪ್, ಫೈರ್ ಸ್ಟಿಕ್‌ಗೆ ಅದರದ್ದೇ ಆ್ಯಪ್ ಉಂಟು. ರಿಮೋಟ್ ಕಳೆದ ದಿನ ಇವು ಆಪದ್ಬಾಂಧವರು. ಆದರೆ ಮಗ ಫೋನ್ ಹಿಡಿದು ಹೊರಗೆ ಹೋದರೆ ಮನೆಯವರು ಟಿವಿಯ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ಮನೆಮಂದಿಗೆಲ್ಲ ಸೇರಿದ ಉಪಕರಣವನ್ನು ಒಬ್ಬರ ಫೋನಿಗೆ ಕಟ್ಟಿಹಾಕುವುದು ಸರಿಯಲ್ಲ.

ನಾಲ್ಕನೆಯ ಹೆಜ್ಜೆ: ಜಾತಿಯನ್ನು ಆರಿಸಿ

ಇಷ್ಟಾದ ಮೇಲೂ ಕೊಳ್ಳಲೇಬೇಕೆಂದಾದರೆ ಅಂಗಡಿಯಲ್ಲಿ ಯೂನಿವರ್ಸಲ್ ಎಂಬ ಒಂದೇ ಮಾತಿನಡಿ ಸಿಗುವ ಬೇರೆಬೇರೆ ವಸ್ತುಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ಒಂದು ಕಂಪನಿಯ ಎಲ್ಲ ಮಾದರಿಗೂ ಆಗುವ ಬದಲಿ ರಿಮೋಟ್. ಸ್ಯಾಮ್‌ಸಂಗ್‌ಗೆ ಒಂದು, ಎಲ್‌ಜಿಗೆ ಒಂದು ಹೀಗೆ ಸಿಗುವ ಇವು ಸಾಮಾನ್ಯವಾಗಿ 150ರಿಂದ 400 ರೂಪಾಯಿಯೊಳಗೆ ಮುಗಿಯುತ್ತವೆ, ಏನೂ ಹೊಂದಿಸಬೇಕಾದದ್ದಿಲ್ಲ, ಸೆಲ್ ಹಾಕಿದರೆ ಆಯಿತು. ಟಿವಿ ರಿಮೋಟ್ ಒಂದೇ ಹಾಳಾಗಿದ್ದರೆ ಇದನ್ನೇ ತನ್ನಿ. ಆದರೆ ಇದು ಟಿವಿಯೊಂದನ್ನೇ ನಡೆಸುತ್ತದೆ.

ಎರಡನೆಯದು ಕೋಡ್ ಹಾಕುವ ರಿಮೋಟ್. ಇದರೊಳಗೆ ನೂರಾರು ಬ್ರ್ಯಾಂಡ್‌ಗಳ ಆಜ್ಞೆಗಳನ್ನು ಮೊದಲೇ ತುಂಬಿರುತ್ತಾರೆ, ಜೊತೆಗಿನ ಚೀಟಿಯಲ್ಲಿ ಬ್ರ್ಯಾಂಡಿನ ಎದುರು ಮೂರು ಅಥವಾ ನಾಲ್ಕು ಅಂಕಿಯ ಕೋಡ್‌ಗಳಿರುತ್ತವೆ. ಜಗತ್ತಿನ ದೊಡ್ಡ ಕಂಪನಿಗಳ ಟಿವಿಗಳಿಗೆ ಇವು ಚೆನ್ನಾಗಿಯೇ ಒದಗುತ್ತವೆ. ನಮ್ಮ ಕಡೆಯ ಮನೆಗಳಿಗೆ ಇವು ಅರ್ಧಕ್ಕೆ ನಿಲ್ಲುವುದು ಬೇರೆ ಕಾರಣಕ್ಕೆ: ಹೊರದೇಶದ ಮಾರುಕಟ್ಟೆಗೆಂದು ತಯಾರಾದ ಕೋಡ್ ಪಟ್ಟಿಯಲ್ಲಿ ನಮ್ಮ ಕೇಬಲ್ ಆಪರೇಟರ್ ಕೊಟ್ಟ ಬಾಕ್ಸ್, ಇಲ್ಲಿ ಜೋಡಿಸಿದ ಹೋಮ್ ಥಿಯೇಟರ್, ಯೂನಿವರ್ಸಲ್ ಬೋರ್ಡ್ ಹಾಕಿ ಕಟ್ಟಿದ ಕಡಿಮೆ ಬೆಲೆಯ ಎಲ್‌ಇಡಿ ಟಿವಿ ಇವು ಬಂದಿರುವುದು ಅಪರೂಪ. ಆ ಕೊನೆಯ ಬಗೆಯ ಟಿವಿಗಳಲ್ಲಿ ಹೊರಗಿನ ಹೆಸರು ಒಂದೇ ಇದ್ದರೂ ಒಳಗಿನ ಬೋರ್ಡು, ಅದರ ಸಾಫ್ಟ್‌ವೇರು ಬೇರೆಯಾಗಿರುವುದರಿಂದ ಹೆಸರು ನೋಡಿ ಕೋಡ್ ಹಾಕಿದರೆ ಹೊಂದುವುದಿಲ್ಲ.

ಹೀಗಾಗಿ ನಮ್ಮ ಪರಿಸ್ಥಿತಿಗೆ ಹೆಚ್ಚು ಒದಗುವುದು ಮೂರನೆಯದಾದ ಕಲಿಯುವ ರಿಮೋಟ್, ಅಂಗಡಿಯವರ ಬಾಯಲ್ಲಿ ಲರ್ನಿಂಗ್ ರಿಮೋಟ್ ಅಥವಾ ಕಾಪಿ ರಿಮೋಟ್. ಇದಕ್ಕೆ ಬ್ರ್ಯಾಂಡಿನ ಹಂಗಿಲ್ಲ. ಹಳೆಯ ರಿಮೋಟ್ ಕಳಿಸುವ ಮಿಣುಕಿನ ಕ್ರಮವನ್ನು ಎದುರು ನಿಂತು ಓದಿಕೊಂಡು ಅದನ್ನೇ ತಿರುಗಿ ಕಳಿಸುತ್ತದೆ. ಚುಂಗ್‌ಹಾಪ್‌ನಂಥ ಚೀನಾದ ತಯಾರಕರ ಇಂಥ ರಿಮೋಟ್‌ಗಳು ಆನ್‌ಲೈನ್‌ನಲ್ಲಿ 300ರಿಂದ 700 ರೂಪಾಯಿ ಆಸುಪಾಸಿನಲ್ಲಿ ದೊರೆಯುತ್ತವೆ. ಒಂದೇ ಷರತ್ತು: ಮೂಲ ರಿಮೋಟ್ ಜೀವಂತವಾಗಿರಬೇಕು. ಅದು ಈಗಾಗಲೇ ಕಳೆದಿದ್ದರೆ ಅದೇ ಮಾದರಿ ಇರುವ ನೆಂಟರದೋ ನೆರೆಯವರದೋ ರಿಮೋಟನ್ನು ಅರ್ಧ ಗಂಟೆಗೆ ಕೇಳಿ ತಂದರೆ ಸಾಕು. ಕೇಬಲ್ ಬಾಕ್ಸ್ ಆದರೆ ಆಪರೇಟರ್ ಬಳಿಯೇ ಹೊಸದು ಸಿಗುತ್ತದೆ.

ನಾಲ್ಕನೆಯದು ವೈಫೈ ಐಆರ್ ಹಬ್. ಬ್ರಾಡ್‌ಲಿಂಕ್, ವಿಪ್ರೋ ಮೊದಲಾದ ಹೆಸರಿನಲ್ಲಿ ಬರುವ ಈ ಪುಟ್ಟ ಡಬ್ಬಿಯನ್ನು ಹಾಲಿನಲ್ಲಿಟ್ಟು ಮನೆಯ ವೈಫೈಗೆ ಸೇರಿಸಿದರೆ ಫೋನಿನಿಂದಲೋ ಅಲೆಕ್ಸಾಗೆ ಮಾತಿನಲ್ಲಿ ಹೇಳಿಯೋ ಟಿವಿ, ಎಸಿ ನಡೆಸಬಹುದು. ಇವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ ಎಂಬುದನ್ನು ನೆನಪಿಡಬೇಕು. ನಡೆಯಲು ಕಷ್ಟವಾಗುವವರು, ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ಮಾತಿನಿಂದ ನಡೆಯುವ ಈ ವ್ಯವಸ್ಥೆಗೆ ಬೆಲೆ ಕಟ್ಟಲಾಗದು. ಬರೀ ಟಿವಿ ನೋಡುವುದಕ್ಕಾದರೆ ಅನವಶ್ಯಕ: ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಏಳುವವರೆಗೆ ಕಾಯಬೇಕು, ಚಾನೆಲ್ ಬದಲಿಸಲು ಫೋನ್ ಬೀಗ ತೆಗೆಯಬೇಕು.

ಇದರಾಚೆಗೆ ಸಾವಿರಾರು ರೂಪಾಯಿಯ ಆಮದು ರಿಮೋಟ್‌ಗಳಿವೆ. ಅವುಗಳಲ್ಲಿ ಹೆಸರಾಗಿದ್ದ ಹಾರ್ಮನಿ ರಿಮೋಟ್‌ಗಳ ತಯಾರಿಕೆಯನ್ನು ಲಾಜಿಟೆಕ್ 2021ರಲ್ಲಿ ನಿಲ್ಲಿಸಿತು. ಅವನ್ನು ಹೊಂದಿಸಲು ಕಂಪನಿಯ ಸರ್ವರ್ ಬೇಕಾಗುವುದರಿಂದ, ಹಳೆಯ ಸಾಮಾನಿನ ಆ್ಯಪ್‌ಗಳಲ್ಲಿ ಅಗ್ಗವಾಗಿ ಕಂಡರೂ ಈಗ ಕೊಳ್ಳುವುದು ಜಾಣತನವಲ್ಲ.

ಎಸಿಯನ್ನೂ ಇದೇ ಲರ್ನಿಂಗ್ ರಿಮೋಟ್‌ಗೆ ಸೇರಿಸುವ ಆಸೆಯಿದ್ದರೆ ಅದನ್ನು ಬಿಡುವುದೇ ವಾಸಿ. ಟಿವಿ ರಿಮೋಟ್‌ನ ವಾಲ್ಯೂಮ್ ಬಟನ್ ಒಂದು ಹೆಜ್ಜೆ ಹೆಚ್ಚಿಸು ಎಂದಷ್ಟೇ ಹೇಳುತ್ತದೆ. ಎಸಿ ರಿಮೋಟ್ ಹಾಗಲ್ಲ, ಪ್ರತಿ ಸಲ ಒತ್ತಿದಾಗಲೂ ಉಷ್ಣತೆ, ಫ್ಯಾನಿನ ವೇಗ, ಮೋಡ್ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. 24 ಡಿಗ್ರಿಯಲ್ಲಿ ಕಲಿಸಿದ ಬಟನ್ ಎಂದೆಂದಿಗೂ 24 ಡಿಗ್ರಿಯದೇ ಆಗಿರುತ್ತದೆ.

ಐದನೆಯ ಹೆಜ್ಜೆ: ಬಟನ್‌ಗಳನ್ನು ಎಣಿಸಿ

ಮನೆಯಲ್ಲಿ ಒಂದು ವಾರ ಯಾರು ಯಾವ ಬಟನ್ ಒತ್ತುತ್ತಾರೆಂದು ಗಮನಿಸಿದರೆ ಪಟ್ಟಿ ಚಿಕ್ಕದಾಗಿಯೇ ಇರುತ್ತದೆ: ಟಿವಿ ಪವರ್, ಬಾಕ್ಸ್ ಪವರ್, ಸ್ಪೀಕರ್ ಪವರ್, ವಾಲ್ಯೂಮ್, ಮ್ಯೂಟ್, ಚಾನೆಲ್ ಹಿಂದೆ-ಮುಂದೆ, ಇನ್‌ಪುಟ್, ಬಾಣ ಮತ್ತು ಓಕೆ, ಬ್ಯಾಕ್, ಅಂಕಿಗಳು. ಅಂಕಿಗಳನ್ನು ಹಗುರವಾಗಿ ಕಾಣಬೇಡಿ. ಹೊಸ ವಿನ್ಯಾಸದ ನಯವಾದ ರಿಮೋಟ್‌ಗಳಲ್ಲಿ ಅಂಕಿಗಳೇ ಇಲ್ಲ, ಆದರೆ ನಮ್ಮ ಹಿರಿಯರು ಚಾನೆಲ್‌ಗಳನ್ನು ಹೆಸರಿನಿಂದಲ್ಲ, ನಂಬರಿನಿಂದ ಬಲ್ಲರು. ಅಂಕಿಯಿಲ್ಲದ ರಿಮೋಟ್ ಅವರ ಮಟ್ಟಿಗೆ ನಿರುಪಯೋಗಿ. ಹಾಗೆಯೇ ಪವರ್ ಬಟನ್‌ಗಳು ಬೇರೆ ಬಣ್ಣದಲ್ಲಿದ್ದು ಒಂದಕ್ಕೊಂದು ಅಂಟಿಕೊಂಡಿರಬಾರದು, ಅಕ್ಷರಗಳು ಬಟನ್‌ನ ಮೇಲೆಯೇ ಅಚ್ಚಾಗಿರಬೇಕು. ಕರೆಂಟ್ ಇಲ್ಲದೆ ಇನ್ವರ್ಟರ್ ಮೇಲೆ ನಡೆಯುವಾಗ ಕತ್ತಲಲ್ಲಿ ಕಾಣುವ ರೇಡಿಯಂ ಬಟನ್ ಒಂದೆರಡಿದ್ದರೆ ಅನುಕೂಲ, ಇಲ್ಲದಿದ್ದರೆ ಸ್ಟಿಕ್ಕರ್ ಅಂಟಿಸಿಕೊಳ್ಳಬಹುದು.

ಲರ್ನಿಂಗ್ ರಿಮೋಟ್ ಆದರೆ ಅದರ ಎಲ್ಲ ಬಟನ್‌ಗಳೂ ಕಲಿಯುತ್ತವೆಯೋ, ನಾಲ್ಕೈದು ಮಾತ್ರವೋ ಎಂದು ವಿಚಾರಿಸಬೇಕು. ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಉಂಟು: ಟಿವಿ ಮೋಡ್, ಬಾಕ್ಸ್ ಮೋಡ್ ಎಂದು ಮೊದಲು ಒಂದು ಬಟನ್ ಒತ್ತಿ ಆಮೇಲೆ ಕೆಲಸದ ಬಟನ್ ಒತ್ತಬೇಕಾದ ರಿಮೋಟೋ, ಅಥವಾ ಒಂದೇ ಪುಟದಲ್ಲಿ ಬೇರೆಬೇರೆ ಉಪಕರಣದ ಬಟನ್‌ಗಳನ್ನು ಬೆರೆಸಿ ಕಲಿಸಬಹುದೋ? ಮೋಡ್ ಬದಲಿಸುವುದು ಮರೆತ ಕ್ಷಣದಿಂದಲೇ ಎಲ್ಲರೂ ಹಳೆಯ ರಿಮೋಟ್‌ಗಳನ್ನು ಹುಡುಕಲು ಶುರುಮಾಡುತ್ತಾರೆ. ಬೆರೆಸಿ ಕಲಿಸಬಹುದಾದ ರಿಮೋಟ್‌ಗೆ ನೂರು ರೂಪಾಯಿ ಹೆಚ್ಚಾದರೂ ಕೊಡಬಹುದು.

ಆರನೆಯ ಹೆಜ್ಜೆ: ಅಂಗಡಿಯಲ್ಲಿ

ದೊಡ್ಡ ಶೋರೂಮ್‌ಗಳಿಗಿಂತ ಟಿವಿ ರಿಪೇರಿ ಮಾಡುವ ಸಣ್ಣ ಅಂಗಡಿಗಳಲ್ಲಿ ಈ ಸಾಮಾನಿನ ಆಯ್ಕೆ ಹೆಚ್ಚು. ಮೈಸೂರಿನವರು ಅಶೋಕ ರಸ್ತೆ, ದೇವರಾಜ ಅರಸು ರಸ್ತೆಯ ಸುತ್ತಿನ ಬೀದಿಗಳಲ್ಲಿಯೂ, ಮಂಡ್ಯದವರು ಪೇಟೆ ಬೀದಿಯ ಕಡೆಯೂ ವಿಚಾರಿಸಬಹುದು. ಬೆಂಗಳೂರಿಗೆ ಹೋಗಿಬರುವವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಹಳೆಯ ರಿಮೋಟ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು, ನೀವು ಬರೆದ ಕಾಗದವನ್ನೂ ಉಪಕರಣಗಳ ಹಿಂಬದಿಯ ಚೀಟಿಯ ಫೋಟೋವನ್ನೂ ಒಯ್ಯಿರಿ. ಅಲ್ಲಿ ಕೇಳಬೇಕಾದ ಮಾತು ಇಷ್ಟೇ: "ಸ್ವಾಮಿ, ಇದು ಲರ್ನಿಂಗ್ ರಿಮೋಟೋ, ಬರೀ ಕೋಡ್ ಹಾಕೋದೋ? ಹೋಮ್ ಥಿಯೇಟರ್ ವಾಲ್ಯೂಮ್ ಕಲಿಸಿ ತೋರಿಸ್ತೀರಾ?" ಕಲಿತದ್ದೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲಿಯೇ ಕ್ಯಾಮೆರಾದಲ್ಲಿ ಮಿಣುಕು ನೋಡಿ ಅರ್ಧ ತಿಳಿಯಬಹುದು, ಉಳಿದರ್ಧ ಮನೆಯಲ್ಲಿ. ಆದ್ದರಿಂದ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ದಸರಾ ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಇಂಥವು ಅಗ್ಗಕ್ಕೆ ಸಿಕ್ಕಬಹುದು, ಆದರೆ ಹೊಂದಿಸಿ ನೋಡುವಷ್ಟರಲ್ಲಿ ಮಳಿಗೆಯವರು ಗಂಟುಮೂಟೆ ಕಟ್ಟಿರುತ್ತಾರೆ.

ಅಂಗಡಿಯಲ್ಲಿ ನೋಡಬೇಕಾದ ಇನ್ನೊಂದು ಅಂಶ ಸ್ಮರಣೆ. ಸೆಲ್ ತೆಗೆದು, ಯಾವುದಾದರೂ ಬಟನನ್ನು ಕೆಲವು ಸಲ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಕಲಿಸಿದ್ದು ಉಳಿದಿರಬೇಕು. ಕೆಲವು ಅಗ್ಗದ ರಿಮೋಟ್‌ಗಳು ಸೆಲ್ ತೆಗೆದೊಡನೆ ಎಲ್ಲವನ್ನೂ ಮರೆಯುತ್ತವೆ. ಅಂಥದ್ದನ್ನು ಕೊಂಡರೆ ಪ್ರತಿ ಸಲ ಸೆಲ್ ಬದಲಿಸಿದಾಗಲೂ ಮೊದಲಿನಿಂದ ಕಲಿಸಬೇಕಾಗುತ್ತದೆ. ಸೆಲ್ ಸಾಮಾನ್ಯ ತ್ರಿಬಲ್ ಎ ಆಗಿದ್ದರೆ ಬೀದಿಯ ಮೂಲೆಯ ಅಂಗಡಿಯಲ್ಲಿಯೂ ಸಿಗುತ್ತದೆ.

ಏಳನೆಯ ಹೆಜ್ಜೆ: ಹೊಂದಿಸುವುದು, ಕಲಿಸುವುದು

ಕೋಡ್ ರಿಮೋಟ್ ತಂದಿದ್ದರೆ ಟಿವಿಯನ್ನು ಆನ್ ಮಾಡಿಟ್ಟು, ಸೆಟ್ ಬಟನನ್ನು ಕೆಂಪು ದೀಪ ನಿಂತು ಉರಿಯುವವರೆಗೆ ಒತ್ತಿ ಹಿಡಿದು, ಚೀಟಿಯಲ್ಲಿನ ಕೋಡ್ ಹಾಕಬೇಕು. ಬ್ರ್ಯಾಂಡಿನ ಎದುರು ಹತ್ತು ಕೋಡ್ ಇದ್ದರೆ ಮೊದಲನೆಯದು ಪವರ್ ಬಟನ್‌ಗೆ ಕೆಲಸ ಮಾಡಿತೆಂದು ನಿಲ್ಲಿಸಬೇಡಿ. ವಾಲ್ಯೂಮ್, ಇನ್‌ಪುಟ್, ಮೆನು ಎಲ್ಲವೂ ಸರಿಯಾಗಿ ಬರುವ ಕೋಡ್ ಮುಂದಿನದಿರಬಹುದು. ಕೋಡ್ ಗೊತ್ತಿಲ್ಲದಿದ್ದರೆ ತಾನಾಗಿ ಹುಡುಕುವ ಕ್ರಮವೊಂದು ಇರುತ್ತದೆ. ಟಿವಿ ಆಫ್ ಆದ ಕ್ಷಣವೇ ನಿಲ್ಲಿಸಿ ಉಳಿಸಿಕೊಳ್ಳಬೇಕು. ಹೊಂದಿದ ಕೋಡನ್ನು ಸೆಲ್ ಮುಚ್ಚಳದ ಒಳಭಾಗದಲ್ಲಿ ಮಾರ್ಕರ್‌ನಿಂದ ಬರೆದಿಡಿ.

ಕಲಿಸುವ ಕೆಲಸಕ್ಕೆ ಸ್ವಲ್ಪ ಶಿಸ್ತು ಬೇಕು. ಎರಡೂ ರಿಮೋಟ್‌ಗಳಿಗೆ ಹೊಸ ಸೆಲ್ ಹಾಕಿ, ಮೇಜಿನ ಮೇಲೆ ತಲೆಗೆ ತಲೆ ಕೊಟ್ಟು, ನಡುವೆ ಎರಡು-ಮೂರು ಸೆಂಟಿಮೀಟರ್ ಬಿಟ್ಟು ಮಲಗಿಸಿ. ಕಿಟಕಿಯ ಬಿಸಿಲಿನಲ್ಲಿಯೂ ಟ್ಯೂಬ್‌ಲೈಟಿನ ಕೆಳಗೂ ಈ ಕೆಲಸ ಬೇಡ. ಬಿಸಿಲಿನಲ್ಲಿರುವ ಅವಕೆಂಪು ಬೆಳಕು ಕಲಿಯುವ ಕಣ್ಣನ್ನು ಕಂಗೆಡಿಸುತ್ತದೆ. ಲರ್ನ್ ಬಟನ್ ಒತ್ತಿ ಹಿಡಿದು ದೀಪ ಹತ್ತಿದ ಮೇಲೆ ಹೊಸ ರಿಮೋಟ್‌ನಲ್ಲಿ ಕಲಿಯಬೇಕಾದ ಬಟನ್ ಒತ್ತಿ, ನಂತರ ಹಳೆಯದರಲ್ಲಿ ಅದಕ್ಕೆ ತಕ್ಕ ಬಟನ್ ಒತ್ತಿ. ದೀಪ ಮಿಣುಕಿದರೆ ಒಂದು ಪಾಠ ಮುಗಿಯಿತು. ಎಲ್ಲ ಮುಗಿದ ಮೇಲೆ ಉಳಿಸುವ ಬಟನ್ ಒತ್ತುವುದನ್ನು ಮರೆಯಬಾರದು. ಮೊದಲು ಎರಡೇ ಬಟನ್ ಕಲಿಸಿ ಟಿವಿಯ ಮುಂದೆ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಕೈಹಾಕಿ.

ಕಲಿಸಿದ್ದು ಕೆಲವೊಮ್ಮೆ ವಿಚಿತ್ರವಾಗಿ ನಡೆದುಕೊಳ್ಳುವುದಕ್ಕೆ ಕಾರಣವಿದೆ. ರಿಮೋಟ್‌ಗಳ ಬೆಳಕು ಒಂದೇ ವೇಗದಲ್ಲಿ ಮಿಣುಕುವುದಿಲ್ಲ. ಸಾಮಾನ್ಯವಾದದ್ದು ಸೆಕೆಂಡಿಗೆ 38,000 ಸಲ, ಫಿಲಿಪ್ಸ್‌ನ ಆರ್‌ಸಿ-5, ಆರ್‌ಸಿ-6 ಪದ್ಧತಿಗಳಲ್ಲಿ 36,000, ಸೋನಿಯದರಲ್ಲಿ 40,000. ಒಳ್ಳೆಯ ಲರ್ನಿಂಗ್ ರಿಮೋಟ್ ಈ ಮೂರನ್ನೂ ಅಳೆದು ನಕಲು ಮಾಡುತ್ತದೆ. ಕೀಳುದರ್ಜೆಯದು ಎಲ್ಲವನ್ನೂ 38,000ಕ್ಕೆ ಇಳಿಸಿ-ಏರಿಸಿ ಕಳಿಸುವುದರಿಂದ ಹತ್ತಿರದಿಂದ ಮಾತ್ರ ಕೆಲಸ ಮಾಡಿ, ಸೋಫಾದಿಂದ ಒತ್ತಿದರೆ ಕೈಕೊಡುತ್ತದೆ. ಸೋನಿಯ ಪದ್ಧತಿಯಲ್ಲಿ ಆಜ್ಞೆ ಕನಿಷ್ಠ ಮೂರು ಸಲ ಮರುಕಳಿಸಬೇಕು, ಆದ್ದರಿಂದ ಕಲಿಸುವಾಗ ಅಲ್ಪ ಕಾಲ ಒತ್ತಿ ಹಿಡಿಯುವುದು ಮೇಲು. ಇನ್ನು ಆರ್‌ಸಿ-5 ಬಗೆಯ ಬಾಕ್ಸ್ ಇದ್ದವರಿಗೆ 11, 22, 33ರಂಥ ಚಾನೆಲ್ ಸಂಖ್ಯೆಗಳಲ್ಲಿ ಮಾತ್ರ ತೊಂದರೆ ಕಾಣಬಹುದು. ಆ ಪದ್ಧತಿಯಲ್ಲಿ ಪ್ರತಿ ಹೊಸ ಒತ್ತುವಿಕೆಗೂ ಒಂದು ಗುರುತು ಅದಲುಬದಲಾಗುತ್ತದೆ. ನಕಲಿನಲ್ಲಿ ಆ ಗುರುತು ಹೆಪ್ಪುಗಟ್ಟಿರುವುದರಿಂದ ಎರಡು ಸಲ ಒತ್ತಿದ 1ನ್ನು ಬಾಕ್ಸ್ ಒಂದೇ ಸಲ ಉದ್ದಕ್ಕೆ ಒತ್ತಿದ್ದು ಎಂದುಕೊಳ್ಳುತ್ತದೆ. ರಿಮೋಟ್ ಕೆಟ್ಟಿತೆಂದು ಹಿಂದಿರುಗಿಸುವ ಮೊದಲು ಎರಡು ಒತ್ತುವಿಕೆಗಳ ನಡುವೆ ಒಂದು ಕ್ಷಣ ತಡೆದು ನೋಡಿ, ಅದಕ್ಕೂ ಬಗ್ಗದಿದ್ದರೆ ಅಂಥ ಚಾನೆಲ್‌ಗಳನ್ನು ಬಾಕ್ಸ್‌ನ ಅಚ್ಚುಮೆಚ್ಚಿನ ಪಟ್ಟಿಗೆ ಸೇರಿಸಿಬಿಡಿ.

ಕೆಲವು ರಿಮೋಟ್‌ಗಳಲ್ಲಿ ಒಂದೇ ಬಟನ್ ಒತ್ತಿದರೆ ಟಿವಿ, ಬಾಕ್ಸ್, ಸ್ಪೀಕರ್ ಮೂರೂ ಆನ್ ಆಗುವಂತೆ ಸರಣಿಯೊಂದನ್ನು ಕಟ್ಟಬಹುದು. ಕೇಳಲು ಚೆನ್ನಾಗಿದೆ, ಆದರೆ ಹೆಚ್ಚಿನ ಉಪಕರಣಗಳಲ್ಲಿ ಆನ್‌ಗೂ ಆಫ್‌ಗೂ ಇರುವುದು ಒಂದೇ ಆಜ್ಞೆ. ಕರೆಂಟ್ ಹೋಗಿ ಬಂದಾಗ ಬಾಕ್ಸ್ ತಾನಾಗಿ ಆನ್ ಆಗಿ ಟಿವಿ ಮಲಗಿಯೇ ಇದ್ದರೆ, ಸರಣಿಯ ಬಟನ್ ಒತ್ತಿದಾಗ ಟಿವಿ ಏಳುತ್ತದೆ, ಬಾಕ್ಸ್ ಮಲಗುತ್ತದೆ. ಹೀಗಾದಾಗ ಹಿಂದುಮುಂದಾದ ಉಪಕರಣವೊಂದನ್ನೇ ಅದರ ಸ್ವಂತ ಪವರ್ ಬಟನ್‌ನಿಂದ ಸರಿಪಡಿಸಬೇಕು. ಆದ್ದರಿಂದ ಸರಣಿ ಕಟ್ಟಿಕೊಂಡರೂ ಮೂರು ಪವರ್ ಬಟನ್‌ಗಳನ್ನು ಬೇರೆಬೇರೆಯಾಗಿಯೂ ಕಲಿಸಿಡಿ. ಸಿಇಸಿ ಇರುವ ಕಡೆ ಆನ್-ಆಫ್ ಕೆಲಸವನ್ನು ಅದಕ್ಕೇ ಬಿಟ್ಟು, ರಿಮೋಟ್‌ನ ಸರಣಿಗೆ ಇನ್‌ಪುಟ್ ಬದಲಾವಣೆಯನ್ನಷ್ಟೇ ಒಪ್ಪಿಸುವುದು ಉತ್ತಮ.

ಮೂಲ ರಿಮೋಟ್‌ಗಳನ್ನು ಸೆಲ್ ತೆಗೆದು, ಯಾವುದು ಯಾವುದರದೆಂದು ಹಿಂಬದಿಯಲ್ಲಿ ಚೀಟಿ ಅಂಟಿಸಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಟಿವಿಯ ಹೊಸ ಚಾನೆಲ್ ಹುಡುಕಾಟ, ಹೋಮ್ ಥಿಯೇಟರಿನ ಬಾಸ್ ಹೊಂದಾಣಿಕೆಯಂಥ ಅಪರೂಪದ ಕೆಲಸಗಳಿಗೆ ಅವು ಬೇಕಾಗುತ್ತವೆ, ಹೊಸ ರಿಮೋಟ್ ಕೆಟ್ಟು ಇನ್ನೊಂದಕ್ಕೆ ಕಲಿಸಬೇಕಾದಾಗಲೂ ಬೇಕಾಗುತ್ತವೆ.